ಮಾವ ಹತ್ತಿದ ದೋಣಿ

ಬೆಂಗಳೂರಿನಲ್ಲಿ ದೋಣಿ ನಡೆಸಲು ಕಲಿಯುತ್ತಿದ್ದೇನೆ ಎಂದರೆ ಆಫೀಸಿನಲ್ಲಿ ಎಲ್ಲರೂ ನಗುತ್ತಿದ್ದರು. ನಗಲಿ ಬಿಡಿ, ಅವರ ಮನೆಗಳು ಹನುಮಂತನಗರದ ದಿಬ್ಬದ ಮೇಲಿವೆ. ನಮ್ಮದು ಅರೆಕೆರೆಯ ತಗ್ಗು. ಜೋರು ಮಳೆ ಬಂದರೆ ರಾಜಕಾಲುವೆಯ ನೀರು ಮೊದಲು ನಮ್ಮ ಬೀದಿಯನ್ನು ವಿಚಾರಿಸಿಕೊಂಡೇ ಮುಂದೆ ಹೋಗುವುದು. ಒಂದು ಮಳೆಗಾಲದಲ್ಲಿ ಹಿಂದಿನ ರಸ್ತೆಯ ತುಂಬುಗರ್ಭಿಣಿಯೊಬ್ಬಳನ್ನು ಜೆಸಿಬಿಯ ಬಕೆಟ್ಟಿನಲ್ಲಿ ಕೂರಿಸಿ, ತಲೆಗೊಂದು ಛತ್ರಿ ಹಿಡಿದು ಆಸ್ಪತ್ರೆಗೆ ಸಾಗಿಸಿದರು. ಅವಳ ಮುಖ ನೋಡಿದ ಮೇಲೆ ಬೀದಿಯವರೆಲ್ಲ ಕೂಡಿ ಒಂದು ರಬ್ಬರ್ ದೋಣಿ ಕೊಂಡೆವು.

ಕೊಂಡದ್ದೇನೋ ಆಯಿತು, ನಡೆಸುವವರು ಯಾರು? ಅಗ್ನಿಶಾಮಕ ದಳದಿಂದ ನಿವೃತ್ತರಾದ ಒಬ್ಬರು ಕಲಿಸಲು ಒಪ್ಪಿದರು. ನಾವು ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದೆವು. ಅವರದು ಒಂದೇ ಷರತ್ತು. ಮೂವರ ತಂಡ, ಮೂವರೂ ಪರೀಕ್ಷೆಯಲ್ಲಿ ಪಾಸಾಗಬೇಕು. ಒಬ್ಬರು ಎಡವಿದರೂ, ಮುಂದಿನ ಪರೀಕ್ಷೆಯಲ್ಲಿ ಪಾಸಾಗುವ ತನಕ ದೋಣಿಯ ಶೆಡ್ಡಿಗೆ ಬೀಗವೇ ಗತಿ. ಮಳೆಗಾಲ ಬಾಗಿಲಲ್ಲಿ ನಿಂತಿತ್ತು.

ಸಭೆಯಲ್ಲಿ ಮೊದಲು ಕೈಯೆತ್ತಿದವಳು ನಾನು. ಶಾಲೆಯಲ್ಲಿದ್ದಾಗಲೇ ಈಜು ಕಲಿತವಳು. ಎರಡನೆಯವರು ನಮ್ಮ ಮೊದಲ ಮಹಡಿಯಲ್ಲಿ ಹೆಂಡತಿಯೊಡನೆ ಇರುವ ಬಾಡಿಗೆಯವರು. ಮೂರನೆಯದೊಂದು ಕೈ ಮೇಲೆದ್ದಿತು. ಅದು ನನ್ನ ಮಾವನವರ ಕೈ. "ಈ ಊರು ಹಳ್ಳಿಯಾಗಿದ್ದಾಗಿಂದ ನಾನು ಇಲ್ಲಿನ ನೀರಲ್ಲಿ ಬಿದ್ದು ಎದ್ದವನು. ನಾನಿಲ್ದೆ ದೋಣಿನಾ?" ಎಂದರು. ಬೇಡ ಎನ್ನುವ ಧೈರ್ಯ ಯಾರಿಗಿದೆ? ಅರ್ಧ ಬೀದಿ ಒಂದು ಕಾಲಕ್ಕೆ ಅವರ ರಾಗಿ ಹೊಲ. ಇನ್ನರ್ಧದಲ್ಲಿ ಅವರ ನೆಂಟರಿದ್ದಾರೆ. ನನ್ನ ಗಂಡನನ್ನು ಕೇಳಿದರೆ, "ಅಪ್ಪನ ಹತ್ರ ನೀನೇ ಮಾತಾಡು," ಎಂದು ಟಿವಿ ಜೋರು ಮಾಡಿಕೊಂಡರು. ಇದೆಲ್ಲದರ ಮೇಲೆ ಮೇಷ್ಟ್ರು ನನ್ನನ್ನೇ ತಂಡದ ನಾಯಕಿ ಮಾಡಿದರು.

ಮನೆಯಲ್ಲಿ ಮಾವ ಕೂತ ಸೋಫಾದಲ್ಲಿ ನಾನು ಇಂದಿಗೂ ಕೂರುವವಳಲ್ಲ. ಕಾಫಿ ಲೋಟವನ್ನು ಕೈಗೆ ಕೊಡುವುದಿಲ್ಲ, ಟೀಪಾಯಿಯ ಮೇಲಿಡುತ್ತೇನೆ. ಯಾರೂ ಹೀಗೇ ಮಾಡು ಎಂದು ಹೇಳಿಕೊಟ್ಟದ್ದಲ್ಲ, ನಡೆದುಕೊಂಡು ಬಂದಿದೆ. ಅಂಥ ನಾನು ಅವರಿಗೆ "ಎಡಕ್ಕೆ ಹುಟ್ಟು ಹಾಕಿ, ನಿಲ್ಲಿಸಿ," ಎಂದು ಅಪ್ಪಣೆ ಕೊಡಬೇಕು.

ಸಾರಕ್ಕಿ ಕೆರೆಯಲ್ಲಿ ಅಭ್ಯಾಸ ಮಾಡಲು ಅನುಮತಿ ಕೇಳಿ ಓಡಾಡಿ ಚಪ್ಪಲಿ ಸವೆಸಿದ್ದೇ ಬಂತು. ಕೊನೆಗೆ ಬನ್ನೇರುಘಟ್ಟ ರಸ್ತೆಯಾಚೆ, ಮಾವನ ನೆಂಟರೊಬ್ಬರ ಹಳೆಯ ಕಲ್ಲುಕ್ವಾರಿಯಲ್ಲಿ ನೀರು ನಿಂತಿದ್ದ ಹೊಂಡವೇ ನಮಗೆ ಗತಿಯಾಯಿತು. ಭಾನುವಾರ ಬೆಳಗ್ಗೆ ಊರೆಲ್ಲ ದೋಸೆ ತಿನ್ನಲು ಸಾಲುಗಟ್ಟಿರುವಾಗ ನಾವು ಅಲ್ಲಿ ದೋಣಿಗೆ ಗಾಳಿ ತುಂಬುತ್ತಿದ್ದೆವು.

ಮೊದಲ ಪರೀಕ್ಷೆ ದೋಣಿ ಹತ್ತುವಾಗಲೇ ಮುಗಿದುಹೋಯಿತು. ಮೇಷ್ಟ್ರು ನೂರು ಸಲ ಹೇಳಿದ್ದರು, ದೋಣಿಯಲ್ಲಿ ಕೂತವರು ಯಾವ ಕಾರಣಕ್ಕೂ ಎದ್ದು ನಿಲ್ಲಬಾರದು. ನಾನು ಹತ್ತಿ ಕೂತೆ, ಬಾಡಿಗೆಯವರು ಹತ್ತಿ ಕೂತರು, ಮೇಷ್ಟ್ರು ಅಂಚಿನ ಮೇಲೆ ಕೂತರು. ಆಮೇಲೆ ಮಾವ ಗಂಭೀರವಾಗಿ ಒಂದು ಕಾಲು ಒಳಗಿಟ್ಟರು. ಮನೆ ಓನರ್ ಬಂದರಲ್ಲ! ಬಾಡಿಗೆಯವರು ಚಂಗನೆ ಎದ್ದು ನಿಂತು, "ಬನ್ನಿ ಸಾರ್, ಇಲ್ಲಿ ಬನ್ನಿ," ಎಂದು ತಮ್ಮ ಜಾಗ ತೋರಿಸಿದರು. ದೋಣಿ ವಾಲಿತು. ಮೇಷ್ಟ್ರು ಹಿಮ್ಮುಖವಾಗಿ ನೀರಿಗೆ ಬಿದ್ದರು. ಮೇಲೆ ಬಂದು ಮುಖ ಒರೆಸಿಕೊಂಡು, "ಇದು ದೋಣಿ ಕಣ್ರೀ, ಮದುವೆ ಮನೆ ಅಲ್ಲ," ಎಂದರು. ಮಾವ ಮಾತ್ರ ಬಾಡಿಗೆಯವರನ್ನು ಒಂದು ಮಾತೂ ಅನ್ನಲಿಲ್ಲ. ಒಳ್ಳೆಯ ಸಂಸ್ಕಾರವಂತ ಎಂದು ಮನೆಯಲ್ಲಿ ಹೊಗಳಿದರು. ನನಗೆ ಮೈಯೆಲ್ಲ ಉರಿಯಿತು.

ಎರಡನೆಯ ಸಲಕ್ಕೆ ನಾನೇ ಉಪಾಯ ಮಾಡಿ ಮಾವನನ್ನು ಎಲ್ಲರಿಗಿಂತ ಮೊದಲು ಹತ್ತಿಸಿದೆ. ಇನ್ನು ಯಾರೂ ಏಳಬೇಕಾಗಿರಲಿಲ್ಲ. ಅವತ್ತು ಎಲ್ಲ ಚೆನ್ನಾಗಿಯೇ ನಡೆಯಿತು. ನಿಜ ಹೇಳಬೇಕೆಂದರೆ ಮೂವರಲ್ಲಿ ಹುಟ್ಟು ಹಾಕುವುದರಲ್ಲಿ ಮಾವನೇ ಮುಂದು. ನಾನು ಹೇಳಿದ್ದನ್ನು ಹೇಳಿದ ಹಾಗೆ, ನನ್ನ ಮುಖ ನೋಡದೆ, ಮಾಡುತ್ತಿದ್ದರು. ಈ ಸಲ ಪಾಸು ಎಂದುಕೊಂಡೆ.

ಉಳಿದದ್ದು ನೀರಿಗೆ ಬಿದ್ದವರನ್ನು ಮೇಲೆಳೆದುಕೊಳ್ಳುವುದು. ಲೈಫ್ ಜಾಕೆಟ್ಟಿನ ಎರಡೂ ಭುಜದ ಪಟ್ಟಿ ಹಿಡಿದು, ಒಮ್ಮೆ ಕೆಳಕ್ಕೆ ಅದುಮಿ, ಅದೇ ಜೋರಿನಲ್ಲಿ ಎಳೆದು ಎದೆಗಾನಿಸಿಕೊಂಡು ಹಿಂದಕ್ಕೆ ಬೀಳಬೇಕು. ಬಿದ್ದವರು ನಮ್ಮ ಮೈಮೇಲೆಯೇ ಬರುತ್ತಾರೆ. ಗಂಡಸರಿಬ್ಬರಿಗೂ ಇದನ್ನು ಒಬ್ಬರ ಮೇಲೊಬ್ಬರು ಮಾಡಿ ಅಭ್ಯಾಸವಾಗಿತ್ತು. ಮೇಷ್ಟ್ರು ಅವತ್ತು ನನ್ನತ್ತ ಬೆರಳು ತೋರಿಸಿ, "ನೀವು ಇಳೀರಿ ಮೇಡಂ," ಎಂದರು. ಮಾವನ ಕಡೆ ತಿರುಗಿ, "ನೀವು ಎಳ್ಕೊಳಿ," ಎಂದರು.

ನಾನು ನೀರಿಗಿಳಿದು ಕೈ ಮೇಲೆತ್ತಿದೆ. ಮಾವ ಬಾಗಿದರು. ಕೈ ಮುಂದೆ ಬಂತು, ನನ್ನ ಭುಜದಿಂದ ಗೇಣುದ್ದ ದೂರದಲ್ಲಿ ನಿಂತಿತು. ಮತ್ತೆ ಹಿಂದಕ್ಕೆ ಹೋಯಿತು. ಮುಖ ಆ ಕಡೆ ತಿರುಗಿಸಿಕೊಂಡು ಹುಟ್ಟಿನ ತುದಿಯನ್ನು ನನ್ನತ್ತ ಚಾಚಿದರು.

"ಹುಟ್ಟಲ್ಲ ಸಾರ್, ಪಟ್ಟಿ ಹಿಡೀರಿ!" ಎಂದು ಮೇಷ್ಟ್ರು ಕೂಗಿದರು.

"ಸೊಸೆನ ಹೆಂಗಪ್ಪಾ ಹಿಡಿಯೋದು?" ಎಂದರು ಮಾವ. ಬಾಡಿಗೆಯವರಿಗೆ, "ನೀನು ಎಳ್ಕೊಳಪ್ಪ," ಎಂದರು. ಓನರ್ ಸೊಸೆಯನ್ನು ಓನರ್ ಕಣ್ಣೆದುರೇ ಎದೆಗಾನಿಸಿಕೊಳ್ಳುವ ಗುಂಡಿಗೆ ಆ ಪಾಪದ ಮನುಷ್ಯನಿಗೆ ಎಲ್ಲಿಂದ ಬರಬೇಕು? ಅವರು ಮಾವನ ಮುಖ ನೋಡಿದರು, ಮಾವ ಬೇಲಿಯ ಕಡೆ ನೋಡಿದರು. ನಾನು ಪಾಚಿ ವಾಸನೆಯ ನೀರಿನಲ್ಲಿ ಕೈಯೆತ್ತಿಕೊಂಡು ತೇಲುತ್ತಿದ್ದೆ. ಇಬ್ಬರು ಗಟ್ಟಿಮುಟ್ಟಾದ ಗಂಡಸರು ಮರ್ಯಾದೆ ಕಾಪಾಡುತ್ತಿದ್ದರು. ಕೊನೆಗೆ ನಾನೇ ಈಜಿ ದಡ ಸೇರಿದೆ. ಫೇಲು.

ವಾಪಸು ಬರುವಾಗ ಕಾರು ಓಡಿಸುತ್ತಿದ್ದವಳು ನಾನು, ಪಕ್ಕದ ಸೀಟಿನಲ್ಲಿ ಮಾವ. ಬಾಡಿಗೆಯವರು ಬುದ್ಧಿವಂತರು, ಬಸ್ಸಿಗೆ ಹೋದರು. ಒದ್ದೆ ಬಟ್ಟೆ ಮೈಗಂಟಿಕೊಂಡು ಚಳಿ, ಅದಕ್ಕಿಂತ ಹೆಚ್ಚಾಗಿ ಸಿಟ್ಟು. ಮದುವೆಯಾಗಿ ಇಷ್ಟು ವರ್ಷದಲ್ಲಿ ಎದುರಾಡದವಳು ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಕೇಳಿಯೇಬಿಟ್ಟೆ.

"ಮಾವ, ನಾನು ನಿಜವಾಗ್ಲೂ ಮುಳುಗ್ತಾ ಇದ್ದಿದ್ರೆ ಏನ್ ಮಾಡ್ತಿದ್ರಿ?"

ಅವರು ಯೋಚಿಸಲೇ ಇಲ್ಲ. "ನಾನೂ ಹಾರ್ತಿದ್ದೆ ಕಣಮ್ಮ," ಎಂದರು.

ಹಾರಬಾರದು ಎನ್ನುವುದೇ ನಮ್ಮ ಮೊದಲ ಪಾಠ. ಹಾರಿದರೆ ಒಂದು ಹೆಣದ ಬದಲು ಎರಡು ಎಂದು ಮೇಷ್ಟ್ರು ಪ್ರತಿ ಭಾನುವಾರ ಹೇಳುತ್ತಿದ್ದರು. ಈ ಮನುಷ್ಯ ನನಗಾಗಿ ಪ್ರಾಣ ಕೊಡಲು ತಯಾರು, ಭುಜ ಹಿಡಿಯಲು ಮಾತ್ರ ತಯಾರಿಲ್ಲ. ಅಳಬೇಕೋ ಸ್ಟೀರಿಂಗಿಗೆ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರು.

"ನೀವು ತಂಡದಿಂದ ಇಳಿದುಬಿಡಿ ಮಾವ," ಎಂದೆ.

ನಮ್ಮ ಬೀದಿ ತಿರುಗುವಾಗ, "ನನ್ ಬದಲು ಯಾರು?" ಎಂದು ಕೇಳಿದರು.

"ಬಾಡಿಗೆಯವರ ಹೆಂಡತಿ."

"ಆಯಮ್ಮ ನಿನ್ನ ಗಟ್ಟಿಯಾಗಿ ಹಿಡೀತಾಳಾ?"

ಹೌದೆಂದು ತಲೆಯಾಡಿಸಿದೆ.

ಮೂರನೆಯ ಪರೀಕ್ಷೆಯ ದಿನ ಮೋಡ ಕಟ್ಟಿತ್ತು. ಕೆಲವೇ ಭಾನುವಾರಗಳಲ್ಲಿ ಎಲ್ಲ ಕಲಿತಿದ್ದ ಬಾಡಿಗೆಯವರ ಹೆಂಡತಿ ದೋಣಿಯಲ್ಲಿದ್ದರು, ನಾನು ಮತ್ತೆ ನೀರಿನಲ್ಲಿ. ಬರಬೇಡಿ ಎಂದರೂ ಮಾವ ಬಂದಿದ್ದರು, ಮೇಲೆ ಬಂಡೆಯ ಮೇಲೆ ಕೂತಿದ್ದರು. ಮೊದಲ ಎಳೆತಕ್ಕೆ ಆಕೆಯ ಕೈ ಜಾರಿತು. ನಾನು ಮುಳುಗಿ ಎದ್ದೆ. ಕಿವಿಯಲ್ಲಿ ನೀರು ತುಂಬಿದ್ದರೂ ಒಂದು ಧ್ವನಿ ಸ್ಪಷ್ಟವಾಗಿ ಕೇಳಿಸಿತು.

"ಪಟ್ಟಿ ಹಿಡಿಯಮ್ಮ! ಎರಡೂ ಕೈಲಿ! ಕೆಳಗೆ ಅದುಮು, ಈಗ ಎಳಿ, ಎದೆಗೆ ಒತ್ಕೋ, ಬಿಡಬೇಡ, ಹಿಂದಕ್ಕೆ ಬೀಳು!"

ಒಂದು ಮಾತೂ ತಪ್ಪಿರಲಿಲ್ಲ, ಒಂದು ಹೆಜ್ಜೆಯೂ ಹಿಂದುಮುಂದಾಗಿರಲಿಲ್ಲ. ಆಕೆ ಹಾಗೆಯೇ ಮಾಡಿದರು, ನಾನು ಆಕೆಯ ಮೈಮೇಲೆ ದೊಪ್ಪೆಂದು ಬಿದ್ದೆ. ಮೇಷ್ಟ್ರು ಪಾಸ್ ಎಂದು ಕೂಗಿದರು. ಕಣ್ಣೊರೆಸಿಕೊಂಡು ದಡದತ್ತ ನೋಡಿದೆ. ಬಂಡೆ ಖಾಲಿಯಿತ್ತು. ಮಾವ ಪಂಚೆಯ ಸಮೇತ ಎದೆಮಟ್ಟದ ನೀರಿನಲ್ಲಿ ನಿಂತಿದ್ದರು, ಎರಡೂ ಕೈ ನನ್ನತ್ತ ಚಾಚಿಕೊಂಡು.