ಅರ್ಧಕ್ಕೆ ನಿಂತ ಮಾತ್ರೆ

ನನ್ನ ಅಕ್ಕ ಬ್ಯೂಟಿ ಪಾರ್ಲರಿನಲ್ಲಿ ಥ್ರೆಡ್ಡಿಂಗ್ ಮಾಡುವವಳು. ದಾರದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಉಳಿದದ್ದನ್ನು ಬೆರಳುಗಳಿಗೆ ಹೆಣೆದು, ಎದುರು ಕೂತವರ ಮುಖದ ಕೂದಲನ್ನು ಬುಡಸಮೇತ ಕೀಳುತ್ತಾಳೆ. ಎಲ್ಲರ ಬಾಯಲ್ಲೂ ಅವಳು ದಾರದಕ್ಕ. ಬಾಯಲ್ಲಿ ದಾರವಿರುವವಳು ಉತ್ತರ ಕೊಡಲಾರಳು ಎಂಬ ಧೈರ್ಯದಿಂದ ಕೆಲವರು ಬಾಯಿಗೆ ಬಂದದ್ದನ್ನು ಆಡುತ್ತಾರೆ.

"ಏನೇ ದಾರದಕ್ಕ, ನಿನ್ನ ಗಲ್ಲದಲ್ಲೇ ಗಡ್ಡ ಬೆಳೀತಿದೆ, ನಮ್ಮದು ಕೀಳ್ತೀಯಾ?" ಎಂದು ಒಬ್ಬಾಕೆ ಕನ್ನಡಿಯಲ್ಲಿ ನೋಡಿ ನಕ್ಕಳು. ಅಕ್ಕ ಆಕೆಯ ಹುಬ್ಬನ್ನು ಒಂದೆಳೆ ಹೆಚ್ಚುಕಮ್ಮಿ ಇಲ್ಲದಂತೆ ಮುಗಿಸಿ ಕಳಿಸಿದಳು. ನಾನಾಗಿದ್ದರೆ ಮುಗಿಸುತ್ತಿರಲಿಲ್ಲ.

ಗಡ್ಡವಾದರೂ ಸಣ್ಣ ಸಂಗತಿ. ಅವಳಿಗೆ ಮುಟ್ಟು ತಿಂಗಳುಗಟ್ಟಲೆ ಬರುತ್ತಿರಲಿಲ್ಲ, ಬಂದರೆ ನಿಲ್ಲುತ್ತಿರಲಿಲ್ಲ. ಈ ಸಲ ವಾರಗಟ್ಟಲೆ ರಕ್ತ ಹೋಯಿತು. ಕಪ್ಪು ಬಟ್ಟೆಯನ್ನೇ ಹಾಕಿಕೊಂಡು, ದಿನವಿಡೀ ನಿಂತು ಕೆಲಸ ಮಾಡಿ, ಮನೆಗೆ ಬಂದವಳು ಮೆಟ್ಟಿಲ ಮೇಲೇ ಕೂತುಬಿಡುತ್ತಿದ್ದಳು. ಅಮ್ಮ ತೀರಿಹೋದ ಮೇಲೆ ನಮ್ಮನ್ನು ಸಾಕಿದ ದೊಡ್ಡಮ್ಮನ ಹತ್ತಿರ ಇದಕ್ಕೆ ಇದ್ದ ಔಷಧಿ ಒಂದೇ: "ಮದುವೆ ಆದ್ರೆ ಎಲ್ಲಾ ಸರಿಹೋಗುತ್ತೆ."

ಕೊನೆಗೆ ಅಕ್ಕ ಒಬ್ಬಳೇ ಆಸ್ಪತ್ರೆಗೆ ಹೋದಳು. ಡಾಕ್ಟರಮ್ಮ ರಕ್ತಪರೀಕ್ಷೆ, ಸ್ಕ್ಯಾನಿಂಗ್ ಮಾಡಿಸಿ, ಇದು ಪಿಸಿಒಎಸ್, ಹಾರ್ಮೋನುಗಳ ಏರುಪೇರು, ಗಡ್ಡಕ್ಕೂ ಮುಟ್ಟಿನ ತೊಂದರೆಗೂ ಮೂಲ ಒಂದೇ ಎಂದರು. ಹಾರ್ಮೋನ್ ಮಾತ್ರೆ ಬರೆದುಕೊಟ್ಟರು. "ಸ್ಟ್ರಿಪ್ ಮುಗಿಯೋವರೆಗೂ ದಿನಾ ತಗೋಮ್ಮ. ಮುಗಿದ ಮೇಲೆ ಮುಟ್ಟು ಬರುತ್ತೆ, ಹೆದರಬೇಡ. ಮಧ್ಯೆ ಬಿಟ್ರೆ ಮತ್ತೆ ರಕ್ತ ಹೋಗುತ್ತೆ."

ಕೆಲವು ದಿನಗಳಲ್ಲಿ ರಕ್ತ ನಿಂತಿತು. ಅಕ್ಕ ಹಳದಿ ಬಟ್ಟೆ ಹಾಕಿಕೊಂಡು ಕೆಲಸಕ್ಕೆ ಹೋದಳು.

ಅಷ್ಟರಲ್ಲಿ ದೊಡ್ಡಮ್ಮನಿಗೆ ಬಟ್ಟೆ ಮಡಚುವಾಗ ಸ್ಟ್ರಿಪ್ ಸಿಕ್ಕಿತು. ಅದನ್ನು ಮೆಡಿಕಲ್ ಶಾಪಿಗೆ ಒಯ್ದು ಏನೆಂದು ಕೇಳಿದಳು. ಅಂಗಡಿಯವನು ನಾಲ್ಕು ಜನರ ಮುಂದೆ, "ಇದು ಮಕ್ಕಳಾಗದೇ ಇರೋಕೆ ತಗೊಳ್ಳೋದು. ನಿಮ್ಮನೇಲಿ ಯಾರಿಗೆ?" ಎಂದು ಹಲ್ಲು ಕಿರಿದನಂತೆ. ಮುಟ್ಟು ಸರಿಪಡಿಸಲೂ ಇದನ್ನೇ ಕೊಡುತ್ತಾರೆ ಎಂದು ಇನ್ನೊಂದು ಮಾತು ಸೇರಿಸಲು ಅವನ ನಾಲಿಗೆಗೆ ಏನು ಬೇನೆ ಬಂದಿತ್ತೋ! ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

"ಮದುವೆ ಆಗದ ಹುಡುಗಿಗೆ ಇದ್ಯಾಕೆ? ಯಾವನ ಜೊತೆ ತಿರುಗ್ತಿದ್ದೀಯಾ?" ಅಕ್ಕ ಚಪ್ಪಲಿ ಬಿಡುವ ಮೊದಲೇ ದೊಡ್ಡಮ್ಮ ಶುರುಮಾಡಿದಳು.

"ರಕ್ತ ನಿಲ್ಲೋಕೆ, ದೊಡ್ಡಮ್ಮ. ಡಾಕ್ಟರೇ ಕೊಟ್ಟಿದ್ದು."

"ಡಾಕ್ಟರಿಗೇನು, ನಾಳೆ ಅವಳು ನಿನಗೆ ಗಂಡು ಹುಡುಕ್ತಾಳಾ?" ಎನ್ನುತ್ತಲೇ ದೊಡ್ಡಮ್ಮ ಉಳಿದ ಮಾತ್ರೆಗಳನ್ನೆಲ್ಲ ಸ್ಟ್ರಿಪ್ಪಿನಿಂದ ಬಿಡಿಸಿ ಬಚ್ಚಲಿಗೆ ಸುರಿದು ನೀರು ಬಿಟ್ಟಳು.

ಎರಡೇ ದಿನಕ್ಕೆ ರಕ್ತ ಮತ್ತೆ ಶುರುವಾಯಿತು.

"ನೋಡಿದ್ಯಾ! ಆ ಮಾತ್ರೆ ವಿಷ ಅಂತ ನಾನು ಹೇಳ್ಲಿಲ್ವಾ?" ತಾನೇ ಬೆಂಕಿ ಇಟ್ಟು, ಅಯ್ಯೋ ಹೊಗೆ ಬಂತು ಎಂದು ಕೂಗಿದ ಹಾಗಿತ್ತು.

ಆ ಭಾನುವಾರ ದೊಡ್ಡಮ್ಮ ಅಕ್ಕನಿಗೆಂದು ನೋಡಿದ್ದ ಗಂಡಿನ ಮನೆಗೆ ಮಾತುಕತೆಗೆ ಹೊರಟಿದ್ದಳು. ಎಂದಿನಂತೆ ಅಕ್ಕನ ಎದುರು ಸ್ಟೂಲ್ ಎಳೆದುಕೊಂಡು, "ಬೇಗ ನನ್ನ ಮೀಸೆ ತೆಗಿಯೇ" ಎಂದು ಮುಖ ಎತ್ತಿದಳು. ಅಕ್ಕ ಎಡಗಡೆಯದನ್ನು ನುಣ್ಣಗೆ ತೆಗೆದಳು. ಬಲಗಡೆಗೆ ಬಾರದೆ ದಾರವನ್ನು ಬಾಯಿಂದ ತೆಗೆದಳು.

"ಏಳು. ಆಯ್ತು."

ದೊಡ್ಡಮ್ಮ ಕನ್ನಡಿ ನೋಡಿ ಹೌಹಾರಿದಳು. "ಇದೇನೇ ಅರ್ಧ ಮೀಸೆ! ಹೀಗೇ ಬೀಗರ ಮನೆಗೆ ಹೋಗ್ಲಾ?"

"ಹೋಗು. ನನ್ನ ಔಷಧೀನೂ ಅರ್ಧಕ್ಕೆ ತಾನೇ ನೀನು ನಿಲ್ಲಿಸಿದ್ದು? ನಿಂದು ಬರೀ ಕೂದಲು, ಸೆರಗು ಮುಚ್ಕೊಂಡ್ರೆ ಮುಗೀತು. ನಂದು ರಕ್ತ ದೊಡ್ಡಮ್ಮ!" ಅಕ್ಕ ಹಾಗೆ ದನಿ ಏರಿಸಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಆಸ್ಪತ್ರೆಗೆ ಬಾ. ಡಾಕ್ಟರ್ ಹೇಳೋದನ್ನ ನಿನ್ನ ಕಿವಿಯಾರೆ ಕೇಳು. ಅಲ್ಲೀವರೆಗೂ ನಿನ್ನ ಮುಖಕ್ಕೆ ನಾನು ದಾರ ಮುಟ್ಟಿಸಲ್ಲ."

ದೊಡ್ಡಮ್ಮ ಅಂದು ಹೊರಡಲಿಲ್ಲ, ಮಾತುಕತೆ ಮುಂದಕ್ಕೆ ಹೋಯಿತು. ಮರುದಿನ ದೊಡ್ಡಮ್ಮ ಬಾಯಿಗೆ ಸೆರಗು ಹಿಡಿದುಕೊಂಡು ಡಾಕ್ಟರಮ್ಮನ ಎದುರು ಕೂತಳು. ಅವರು ಎಲ್ಲವನ್ನೂ ಬಿಡಿಸಿ ಹೇಳಿ, ಹೊಸ ಸ್ಟ್ರಿಪ್ ಯಾವಾಗ ಶುರುಮಾಡಬೇಕೆಂದು ಬರೆದುಕೊಟ್ಟರು. ಮೆಡಿಕಲ್ ಶಾಪಿನವನು ಚೀಟಿ ನೋಡಿ, "ಯಾರಿಗೆ?" ಎಂದು ಮತ್ತೆ ಹಲ್ಲು ಕಿರಿದ. ಹಿಂದಿನ ದಿನದಿಂದ ಒಳಗೇ ಕುದಿಯುತ್ತಿದ್ದ ದೊಡ್ಡಮ್ಮನಿಗೆ ಅವನೇ ಸಿಕ್ಕ.

"ನನಗೇ ಕಣೋ! ಯಾಕೆ, ನೀನೇನು ತೊಟ್ಟಿಲು ಕಟ್ಟಿಸ್ಕೊಡ್ತಿದ್ಯಾ?"

ಮನೆಗೆ ಬಂದು ಸ್ಟೂಲಿನ ಮೇಲೆ ಕೂತರೂ ಅವಳ ಗೊಣಗಾಟ ನಿಲ್ಲಲಿಲ್ಲ. "ಗಂಡಿನ ಕಡೆಯವರಿಗೆ ಏನು ಹೇಳ್ಲಿ? ಮದುವೆ ಆದ್ಮೇಲೂ ಇದನ್ನೇ ನುಂಗ್ತಾ ಇರ್ತೀಯಾ?"

ಅಕ್ಕನ ಸಿಟ್ಟು ಇನ್ನೂ ಇಳಿದಿರಲಿಲ್ಲ. "ಅದನ್ನ ನಾನು, ಡಾಕ್ಟರು ನೋಡ್ಕೋತೀವಿ. ನೀನು ಬಾಯಿ ಮುಚ್ಚಿ ತುಟಿ ಬಿಗಿ ಹಿಡಿ" ಎಂದು ದಾರ ಕಚ್ಚಿದಳು.