ಮೈಕ್‌ಸೆಟ್ ಮೂರ್ತಪ್ಪನೂ ಜೋಡಿ ಬಾಕ್ಸೂ

ಹೊಸದುರ್ಗದ ಸಂತೆ ಬೀದಿಯಲ್ಲಿ ನಿಂತು ಮೂರ್ತಪ್ಪನ ಅಂಗಡಿ ಎಲ್ಲಿ ಎಂದು ಕೇಳಿದರೆ ಯಾವ ಮೂರ್ತಪ್ಪ ಎಂದು ತಿರುಗಿ ಕೇಳುತ್ತಾರೆ. ಮೈಕ್‌ಸೆಟ್ ಮೂರ್ತಪ್ಪ ಎಂದರೆ ಸಾಕು, ಬಾಗಿಲ ತನಕ ಕರೆದುಕೊಂಡು ಹೋಗಿ ಬಿಟ್ಟು ಬರುತ್ತಾರೆ. ನಲವತ್ತು ವರ್ಷ ಸುತ್ತಮುತ್ತಲ ಊರುಗಳ ಮದುವೆ, ನಾಮಕರಣ, ನಾಟಕ, ಚುನಾವಣೆ ಎಲ್ಲದಕ್ಕೂ ಸದ್ದು ಒದಗಿಸಿದ ಮನುಷ್ಯ ಅವನು. ಹಿರಿಯೂರಿನ ಗೋವಿಂದಯ್ಯನವರ ಹತ್ತಿರ ಕೆಲಸ ಕಲಿತು, ಸೈಕಲ್ಲಿನ ಹಿಂದೆ ಎರಡು ಲೌಡ್‌ಸ್ಪೀಕರ್ ಹಾರ್ನು ಕಟ್ಟಿಕೊಂಡು ಹೊರಟವನು ಗ್ರಾಮಫೋನ್ ಪ್ಲೇಟು ಕಂಡ, ಕ್ಯಾಸೆಟ್ಟು ಕಂಡ, ಸಿ.ಡಿ. ಕಂಡ, ಈಗ ಬೆರಳುದ್ದದ ಪೆನ್‌ಡ್ರೈವನ್ನೂ ಕಂಡಿದ್ದಾನೆ.

ಈಚೆಗೆ ಮದುವೆಗಳಿಗೆ ಡಿಜೆಯವರು ಲಾರಿ ತುಂಬ ಸ್ಪೀಕರ್ ಬಾಕ್ಸು ತಂದು ಎದೆಗೂಡು ಅದುರಿಸಿ ಹೋಗುತ್ತಾರೆ. ಅದಕ್ಕಾಗಿ ಮೂರ್ತಪ್ಪ ಒಂದು ದಿನವೂ ಕೊರಗಿದ್ದಿಲ್ಲ. ಅಂಗಡಿಯಲ್ಲಿ ಕೂತು ಮಿಕ್ಸಿ, ಫ್ಯಾನು, ಹಳೇ ರೇಡಿಯೋ ರಿಪೇರಿ ಮಾಡಿ, ಮಧ್ಯಾಹ್ನ ಹೆಂಡತಿ ಅನುಸೂಯ ಬಡಿಸಿದ ಮುದ್ದೆ ಸೊಪ್ಪಿನ ಸಾರು ಉಂಡು, ಅರ್ಧ ಗಂಟೆ ಅಡ್ಡಾಗಿ ಎದ್ದರೆ ಅವನ ದಿನ ಸುಖವಾಗಿ ಸಾಗುತ್ತದೆ. ಒಂದೇ ಒಂದು ಜಂಬ ಮಾತ್ರ ಬಿಟ್ಟುಹೋಗಿಲ್ಲ. ಸದ್ದಿನ ವಿಷಯದಲ್ಲಿ ಯಾರಾದರೂ ಅವನಿಗೆ ಬುದ್ಧಿ ಹೇಳಲು ಬಂದರೆ ಮೂಗಿನ ತುದಿ ಕೆಂಪಾಗುತ್ತದೆ.

ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಒಂದು ಭಾನುವಾರ ಹೇಮಾವತಿ ಫೋನ್ ಮಾಡಿದಳು. ಹೊಸದುರ್ಗದಲ್ಲಿ ಹೈಸ್ಕೂಲ್ ಮೇಡಂ ಆಗಿರುವ ಅವಳು ರಜೆ ಸಿಕ್ಕಾಗಲೆಲ್ಲ ಯಲ್ಲದಕೆರೆಗೆ, ತನ್ನ ಚಿಕ್ಕಮ್ಮ ಚಂದ್ರಕ್ಕನ ಮನೆಗೆ ಹೋಗುತ್ತಾಳೆ. ಹೇಮಾವತಿಯ ತಾಯಿ ಬರಗೇರಮ್ಮ ಮತ್ತು ಚಂದ್ರಕ್ಕ, ಈ ಅಕ್ಕತಂಗಿಯರ ಸೋಬಾನೆ ಪದವಿಲ್ಲದೆ ಆ ಕಡೆಯ ಹಳ್ಳಿಗಳಲ್ಲಿ ಅರಿಶಿಣ ಹಚ್ಚುತ್ತಿರಲಿಲ್ಲ, ಹೆಣ್ಣನ್ನು ಹಸೆಗೆ ಕರೆಯುತ್ತಿರಲಿಲ್ಲ. ಚಂದ್ರಕ್ಕ ಒಂದು ಸಾಲು ಹೇಳಿದರೆ ಬರಗೇರಮ್ಮ ಹಿಂದೆಯೇ ಅದನ್ನು ಎತ್ತಿಕೊಳ್ಳುತ್ತಿದ್ದಳು. ದೊಡ್ಡವಳಾದರೂ ಹಿಂದೆ ಹೇಳುವ ಕೆಲಸವೇ ಅವಳಿಗೆ ಇಷ್ಟ, ಏಕೆಂದರೆ ಪದವೆಲ್ಲ ತಂಗಿಯ ನೆನಪಿನಲ್ಲಿ, ದನಿಯೆಲ್ಲ ಅಕ್ಕನ ಗಂಟಲಲ್ಲಿ. ಎರಡು ವರ್ಷದ ಹಿಂದೆ ಬರಗೇರಮ್ಮ ತೀರಿಕೊಂಡಳು. ಅವತ್ತಿನಿಂದ ಚಂದ್ರಕ್ಕ ಹಾಡಿಲ್ಲ. ಕರೆಯಲು ಬಂದವರಿಗೆಲ್ಲ ಒಂದೇ ಉತ್ತರ: "ಹಿಂದೆ ಹೇಳೋಳೇ ಇಲ್ಲ, ಮುಂದೆ ಹೇಳೋದೆಂಗ್ರಿ?"

ಜಾನಪದ ಕೂಡಿಡುವವರು ಯಾರೋ ಬಹಳ ಹಿಂದೆ ಬಂದು ಇಬ್ಬರ ಹಾಡನ್ನೂ ಸಿ.ಡಿ. ಮಾಡಿ ಕೊಟ್ಟಿದ್ದರು. ಅಕ್ಕನ ದನಿ ಉಳಿದಿರುವುದು ಆ ಒಂದೇ ಬಿಲ್ಲೆಯಲ್ಲಿ. ಚಂದ್ರಕ್ಕ ಅದನ್ನು ದಿನಾ ಸಂಜೆ ಟಿ.ವಿ.ಗೆ ಹಾಕಿಸಿಕೊಂಡು ಕೇಳುತ್ತಿದ್ದಳು. ಟಿ.ವಿ.ಯೂ ಕೆಟ್ಟು, ಅದರ ಪ್ಲೇಯರೂ ಕೆಟ್ಟು ನಾಲ್ಕು ತಿಂಗಳಾಗಿತ್ತು. ಸಂಜೆಯಾದರೆ ಮುದುಕಿ ಸುಮ್ಮನೆ ಗೋಡೆ ನೋಡುತ್ತ ಕೂರುವುದನ್ನು ಕಂಡು ಹೇಮಾವತಿಗೆ ತಡೆಯಲಾಗಲಿಲ್ಲ. ಹೊಸ ಸಿ.ಡಿ. ಪ್ಲೇಯರು, ಆಂಪ್ಲಿಫೈಯರು, ಎರಡು ಬಾಕ್ಸು ಕೊಂಡು ತಂದೇ ಬಿಟ್ಟಳು. ಜೋಡಿಸಲು ಮೂರ್ತಪ್ಪನನ್ನಲ್ಲದೆ ಇನ್ಯಾರನ್ನು ಕರೆದಾಳು?

ಮೂರ್ತಪ್ಪ ಬೈಕಿನಲ್ಲಿ ಹೋಗಿ ಇಳಿದಾಗ ಚಂದ್ರಕ್ಕ ಪಡಸಾಲೆ ಗುಡಿಸಿ ಕಾಯುತ್ತಿದ್ದಳು.

"ಬಾರಪ್ಪ ಮೂರ್ತಪ್ಪ. ನೀನು ಬಂದ್ಮೇಲೆ ಆತು ಬಿಡು, ನಮ್ಮಕ್ಕ ಬಂದಂಗೇ."

"ಕಾಲು ಗಂಟೆ ಕೆಲ್ಸ ಚಂದ್ರಕ್ಕ. ನೀವು ಕುಂತ್ಕಳ್ರಿ."

ಪ್ಲೇಯರಿನ ಜೊತೆ ಬಂದ ತೆಳ್ಳನೆಯ ವೈರನ್ನು ಬೆರಳಿನಿಂದ ಒತ್ತಿ ನೋಡಿ, ಇದೂ ಒಂದು ವೈರಾ ಎನ್ನುವಂತೆ ಡಬ್ಬಿಯೊಳಗೆ ತಿರುಗಿ ಎಸೆದ. ಚೀಲದಿಂದ ತನ್ನ ಕವಲು ವೈರು ತೆಗೆದ. ಕೈಯಾರೆ ಬೆಸುಗೆ ಹಾಕಿ ಮಾಡಿಕೊಂಡ ವೈರು ಅದು. ಒಂದು ತುದಿಗೆ ಒಂದೇ ಪಿನ್ನು, ಇನ್ನೊಂದು ತುದಿ ಕವಲೊಡೆದು ಆಂಪ್ಲಿಫೈಯರಿಗೆ ಎರಡು. ಪ್ಲೇಯರಿನ ಬೆನ್ನಲ್ಲಿ ಬಿಳಿಯದೊಂದು ಕೆಂಪಿನದೊಂದು ತೂತು ಇರುತ್ತವೆ. ಮೂರ್ತಪ್ಪ ಮೊದಲಿನಿಂದಲೂ ಬಿಳಿಯದಕ್ಕೆ ಚುಚ್ಚಿ, ಕೆಂಪಿನದನ್ನು ಬಿಳಿಯದು ಕೆಟ್ಟರೆ ಇರಲಿ ಎಂದು ಬಿಟ್ಟವನು. ಚಪ್ಪರದ ಕೆಲಸಕ್ಕೆ ಅಷ್ಟೇ ಸಾಕು. ಒಂದು ಬಾಯಿಂದ ಬಂದದ್ದು ಅಡುಗೆ ಮನೆಯ ಹಾರ್ನಿಗೂ ಬೀದಿಯ ಹಾರ್ನಿಗೂ ಸಮನಾಗಿ ಹೋಗಬೇಕು, ಮೈಕ್‌ಸೆಟ್ಟಿನವರ ಶಾಸ್ತ್ರವೆಲ್ಲ ಇಷ್ಟೆ.

ಜೋಡಿಸಿ ಮುಗಿಸಿ, ಸಿ.ಡಿ. ಹಾಕಿ, ಕಸುಬಿನ ಪದ್ಧತಿಯಂತೆ ಪರೀಕ್ಷೆ ಮಾಡಿದ. ಒಂದು ಬಾಕ್ಸಿನ ಮುಂದೆ ಬಗ್ಗಿ ಕೇಳಿದ, ಇನ್ನೊಂದರ ಮುಂದೆ ಹೋಗಿ ಬಗ್ಗಿ ಕೇಳಿದ. ಎರಡರಲ್ಲೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಗೋವಿಂದಯ್ಯನವರು ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದರು. ಚಂದ್ರಕ್ಕನ ದನಿ ಹಿತ್ತಾಳೆ ಬಿಂದಿಗೆಯ ಹಾಗೆ ಖಣಖಣ ಎನ್ನುತ್ತಿತ್ತು. ಹೇಮಾವತಿ "ಎಷ್ಟು ಚೆನ್ನಾಗಿ ಕೇಳಿಸ್ತೈತೆ ಅಲ್ವಾ ಚಿಕ್ಕಮ್ಮ" ಎಂದು ತಿರುಗಿದರೆ ಚಂದ್ರಕ್ಕನ ಮುಖ ಇಳಿದುಹೋಗಿತ್ತು.

"ನಮ್ಮಕ್ಕ ಎಲ್ಲಿ?"

"ಅದೇ ಬರ್ತೈತಲ್ಲ ಚಂದ್ರಕ್ಕ, ಕೇಳ್ರಿ, ಹಿಂದೆ."

"ಹೊರಗ್ ನಿಂತು ಹೇಳ್ದಂಗೆ ಐತಪ್ಪ. ಪಕ್ಕದ್ ಮನ್ಯಾಗೆ ಹೇಳ್ದಂಗೆ. ಟಿವ್ಯಾಗೆ ಕೇಳುವಾಗ ನನ್ ಮಗ್ಗುಲಾಗೇ ಕುಂತಿರ್ತಿದ್ಲು."

ನಿಜವಾಗಿ ಹಾಗೇ ಇತ್ತು. ಚಂದ್ರಕ್ಕನ ಸಾಲು ಮುಗಿದ ಮೇಲೆ ದೂರದಲ್ಲೆಲ್ಲೋ ಒಂದು ದನಿ, ಗಾಳಿಗೆ ತೇಲಿ ಬಂದಷ್ಟು. ಮೂರ್ತಪ್ಪ ವಾಲ್ಯೂಮು ಏರಿಸಿದ. ಚಂದ್ರಕ್ಕ ಕಿರುಚಿದಳು, ಬರಗೇರಮ್ಮ ಮಾತ್ರ ಇದ್ದಲ್ಲೇ ಇದ್ದಳು. ಅವನ ಮೂಗಿನ ತುದಿ ಕೆಂಪಾಗತೊಡಗಿತು. ಜೋಡಣೆ ಸರಿಯಿದೆ, ಎರಡು ಬಾಕ್ಸೂ ಸಮ ಇವೆ, ಇನ್ನೇನು ಉಳಿಯಿತು? ಬಾಯಿಗೆ ಬಂದದ್ದನ್ನು ಹೇಳಿಯೇ ಬಿಟ್ಟ.

"ಸಿ.ಡಿ. ಸವೆದೈತೆ ಚಂದ್ರಕ್ಕ. ಹಳೇದಲ್ವಾ. ಅವರ ದನಿ ಅಳ್ಸಿ ಹೋಗೈತೆ."

ಚಂದ್ರಕ್ಕ ಸಿ.ಡಿ. ತೆಗೆಸಿಕೊಂಡು, ಸೆರಗಿನಿಂದ ಒರೆಸಿ, ಹಾಳೆಯ ಲಕೋಟೆಯೊಳಗೆ ಇಟ್ಟಳು. "ದಿನಾ ಹಾಕ್ಸಿ ಹಾಕ್ಸಿ ನಾನೇ ಸವೆಸಿಬಿಟ್ನೇನೋ" ಎಂದಳು. ಹೇಮಾವತಿ ಕೊಟ್ಟ ಕಾಫಿಯನ್ನು ಮೂರ್ತಪ್ಪ ಗಟಗಟ ಕುಡಿದು ಬೈಕು ಹತ್ತಿದ. ದಾರಿಯುದ್ದಕ್ಕೂ ಆ ಮಾತು ಬೆನ್ನಿಗೆ ಬಿದ್ದಿತ್ತು.

ಮನೆಯಲ್ಲಿ ಊಟಕ್ಕೆ ಕೂತಾಗ ಅನುಸೂಯ ಎಂದಿನಂತೆ ಅವನ ಎಡಕ್ಕೇ ಕೂತಳು. ನಡೆಯುವಾಗಲೂ, ಬಸ್ಸಿನಲ್ಲಿ ಕೂರುವಾಗಲೂ ಅವಳು ಎಡಕ್ಕೇ. ಹಾರ್ನಿನ ಪಕ್ಕ ಕೂತು ಕೂತು ಮೂರ್ತಪ್ಪನ ಬಲಗಿವಿ ಪೂರ್ತಿ ಹೋಗಿ ಹದಿನೈದು ವರ್ಷವಾಗಿತ್ತು, ಅದು ಅವಳಿಗೆ ಬಿಟ್ಟರೆ ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕಿವಿಯಿಲ್ಲದ ಮೈಕ್‌ಸೆಟ್ಟಿನವನೆಂದರೆ ಜನ ನಗದೆ ಬಿಡುತ್ತಾರೆಯೇ?

ನಡೆದದ್ದನ್ನೆಲ್ಲ ಅವನು ಹೇಳಿದ. ಅನುಸೂಯ ಮುದ್ದೆ ಮುರಿಯುತ್ತಲೇ ಕೇಳಿದಳು: "ಎಲ್ಡೂ ಬಾಕ್ಸ್‌ನಾಗೂ ಒಂದೇ ಸದ್ದು ಬರಾದಾದ್ರೆ ಎಲ್ಡ್ ಯಾಕ್ ಕೊಡ್ತಾರ್ರಿ?"

"ಜೋರಾಗಿ ಕೇಳ್ಲಿ ಅಂತ."

"ಜೋರಾಗಿ ಕೇಳಾಕೆ ಒಂದು ದೊಡ್ಡದ್ ಕೊಟ್ರೆ ಆತಪ್ಪ."

"ನಿಂಗೇನ್ ಗೊತ್ತಾಗ್ತೈತೆ, ಸುಮ್ನೆ ಉಣ್ಣು" ಎಂದ ಮೂರ್ತಪ್ಪ. ಆಮೇಲೆ ಅವನೇ ಸರಿಯಾಗಿ ಉಣ್ಣಲಿಲ್ಲ.

ಮಧ್ಯಾಹ್ನ ಅಡ್ಡಾದರೂ ಕಣ್ಣು ಮುಚ್ಚಲಿಲ್ಲ. ಸಿ.ಡಿ. ಮಾಡಿದ ದಿನ ನೆನಪಾಗುತ್ತಿತ್ತು. ಯಲ್ಲದಕೆರೆ ಸ್ಕೂಲಿನಲ್ಲಿ ಹಾಡು ಹಿಡಿಯಲು ಬಂದವರು ಮೈಕ್ ಸ್ಟ್ಯಾಂಡು ಸಾಲದೆ ಅವನನ್ನೇ ಕೇಳಿದ್ದರು. ಎಷ್ಟು ಕೊಟ್ಟಿದ್ದ? ಎರಡು. ತಂಗಿಯ ಮುಂದೆ ಒಂದು ಮೈಕು, ಅಕ್ಕನ ಮುಂದೆ ಒಂದು ಮೈಕು. ಒಂದೇ ಮೈಕು ಮಧ್ಯೆ ಇಟ್ಟರೆ ಸಾಲದಾ, ಇವರಿಗೇನು ಬಂದಿದೆ ಎಂದು ಅವನು ಒಳಗೊಳಗೇ ನಕ್ಕಿದ್ದ. ಆ ನಗು ಈಗ ತಿರುಗಿ ಅವನ ಮೇಲೇ ಬಂತು. ಎರಡು ಮೈಕಿನ ದನಿ ಎರಡು ತೂತಿನಿಂದ ಬೇರೆಬೇರೆಯಾಗಿ ಬರುತ್ತದೆ: ತಂಗಿ ಬಿಳಿ ತೂತಿನಲ್ಲಿದ್ದಾಳೆ, ಅಕ್ಕ ಕೆಂಪು ತೂತಿನಲ್ಲಿದ್ದಾಳೆ! ತನ್ನ ಕವಲು ವೈರು ತಂಗಿಯನ್ನೇ ಎರಡು ಬಾಕ್ಸಿಗೂ ಹಂಚಿ, ಅಕ್ಕನನ್ನು ಬಾಗಿಲ ಹೊರಗೆ ನಿಲ್ಲಿಸಿದೆ. ತಂಗಿಯ ಮೈಕಿಗೆ ಪಕ್ಕದಿಂದ ಬಿದ್ದಷ್ಟೇ ಅಕ್ಕನ ದನಿ ಕೇಳಿಸುತ್ತಿರುವುದು. ಇಷ್ಟು ವರ್ಷ ಎಷ್ಟು ಜನರ ಹಾಡಿನಲ್ಲಿ ಅರ್ಧಕ್ಕರ್ಧ ಹೊರಗೇ ಬಿಟ್ಟಿದ್ದೆನೋ ಎಂದುಕೊಂಡು ಎದ್ದು ಕೂತ.

ತಪ್ಪು ತಿಳಿದ ಮೇಲೆ ಸುಮ್ಮನಿರುವುದು ಸುಲಭವೇ ಇತ್ತು. ಸಿ.ಡಿ. ಸವೆದಿದೆ ಎಂದು ಹೇಳಿಯಾಗಿದೆ, ಅವರು ನಂಬಿಯೂ ಆಗಿದೆ. ಆದರೆ ಮುದುಕಿ ತಾನೇ ಅಕ್ಕನನ್ನು ಸವೆಸಿಬಿಟ್ಟೆನೆಂದು ಕೊರಗುತ್ತ ಕೂತಿರುತ್ತಾಳೆ. ಮೂರ್ತಪ್ಪ ಚಹಾಕ್ಕೂ ನಿಲ್ಲದೆ ಯಲ್ಲದಕೆರೆಗೆ ಬೈಕು ತಿರುಗಿಸಿದ.

ಬಿಸಿಲು ಇಳಿಯುವ ಮೊದಲೇ ಮತ್ತೆ ಬಂದು ನಿಂತವನನ್ನು ಕಂಡು ಹೇಮಾವತಿ ಬೆರಗಾದಳು. "ತಪ್ಪು ನನ್ದೇ ಕಣಮ್ಮ, ಸಿ.ಡಿ. ಚೆನ್ನಾಗೈತೆ" ಎಂದವನೇ ಎಸೆದಿದ್ದ ತೆಳ್ಳನೆಯ ವೈರನ್ನು ಡಬ್ಬಿಯಿಂದ ಹುಡುಕಿ ತೆಗೆದ. ಬಿಳಿಯಿಂದ ಬಿಳಿಗೆ, ಕೆಂಪಿನಿಂದ ಕೆಂಪಿಗೆ. ಎರಡು ನಿಮಿಷದ ಕೆಲಸ. ಚಂದ್ರಕ್ಕ ನಂಬಿಕೆಯಿಲ್ಲದೆ ಲಕೋಟೆಯಿಂದ ಸಿ.ಡಿ. ತೆಗೆದು ಕೊಟ್ಟಳು.

ಮೊದಲ ಸಾಲು ಚಂದ್ರಕ್ಕನದು. ಅದು ಮುಗಿಯುತ್ತಿದ್ದಂತೆ ಬರಗೇರಮ್ಮ ತುಂಬು ಗಂಟಲಲ್ಲಿ ಎತ್ತಿಕೊಂಡಳು. ಪಡಸಾಲೆಯೆಲ್ಲ ಅವಳೇ ತುಂಬಿಕೊಂಡಳು.

"ಬಂದ್ಲು!" ಎಂದಳು ಚಂದ್ರಕ್ಕ. ಕಣ್ಣಲ್ಲಿ ನೀರು, ಬಾಯಲ್ಲಿ ನಗು. ಒಂದು ಹಾಡು ಮುಗಿಯುವ ತನಕ ತಲೆದೂಗುತ್ತ ಕೂತವಳು ಆಮೇಲೆ ಹುಬ್ಬು ಗಂಟಿಕ್ಕಿದಳು. "ಆದ್ರೆ ಅದ್ಲುಬದ್ಲು ಕುಂತೀವಲ್ಲಪ್ಪ. ಅಕ್ಕ ಯಾವತ್ತೂ ನನ್ ಬಲಕ್ಕೇ ಕುಂತ್ಕಳ್ತಿದ್ದಿದ್ದು. ನೀನೇ ಹೇಳು, ಈಗ ಯಾವ ಕಡೀಲಿಂದ ಬರ್ತಾ ಅವ್ಳೆ?"

ಮೂರ್ತಪ್ಪ ತಲೆಯನ್ನು ಅತ್ತ ತಿರುಗಿಸಿದ, ಇತ್ತ ತಿರುಗಿಸಿದ. ಸದ್ದು ಬರುವುದಷ್ಟೇ ಗೊತ್ತು, ಎಲ್ಲಿಂದ ಎನ್ನುವುದು ಅವನಿಗೆ ತಿಳಿಯದು. ಇಬ್ಬರು ಹೆಂಗಸರೂ ಅವನ ಮುಖವನ್ನೇ ನೋಡುತ್ತಿದ್ದರು. ಬೆಳಿಗ್ಗೆ ಹೇಳಿದ ಒಂದು ಸುಳ್ಳೇ ಸಾಕಾಗಿತ್ತು.

"ಗೊತ್ತಾಗಲ್ಲ ಚಂದ್ರಕ್ಕ. ನನ್ ಬಲಗಿವಿ ಹೋಗಿ ಬಾಳ ವರ್ಷ ಆತು. ಯಾರ್ಗೂ ಹೇಳಿಲ್ಲ."

ಚಂದ್ರಕ್ಕ ಅವನ ತೋಳಿಗೊಂದು ಕೊಟ್ಟಳು.

"ಅದಕ್ಕೇ ಏನಪ್ಪ, ನಮ್ ಮದ್ವೆ ಮನೆಗಳಾಗೆ ಊರೇ ಎದ್ದೋಗಂಗೆ ಇಕ್ತಿದ್ದೆ!"

ಹೇಮಾವತಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು, ಮೂರ್ತಪ್ಪ ತಾನೇ ಮೊದಲು ನಕ್ಕ. ಹದಿನೈದು ವರ್ಷ ಬಚ್ಚಿಟ್ಟುಕೊಂಡದ್ದು ಇಷ್ಟು ಹಗುರವಾಗಿ ಇಳಿಯುತ್ತದೆಂದು ಅವನು ಎಣಿಸಿರಲಿಲ್ಲ. ಎದ್ದು ಬಾಕ್ಸುಗಳನ್ನು ಅದಲುಬದಲು ಮಾಡಿಟ್ಟ. ಚಂದ್ರಕ್ಕ ಕಣ್ಣು ಮುಚ್ಚಿ ಕೇಳಿ, "ಹ್ಞಾ, ಈಗ ಸರಿಯಾಗ್ ಕುಂತ್ವಿ" ಎಂದಳು. ಸ್ವಲ್ಪ ಹೊತ್ತಿನ ಮೇಲೆ ಅವಳೇ ಕೇಳಿದಳು.

"ಮೂರ್ತಪ್ಪ, ನನ್ ದನಿ ಬರ್ದಂಗೆ ಮಾಡಾಕ್ ಆಗ್ತೈತಾ? ಅಕ್ಕನ್ದು ಒಂದೇ ಇರ್ಲಿ."

"ಯಾಕ್ ಚಂದ್ರಕ್ಕ?"

"ಮಾಡು ನೀನು."

ಆಂಪ್ಲಿಫೈಯರಿನಲ್ಲಿ ಸದ್ದನ್ನು ಒಂದೇ ಬಾಕ್ಸಿನ ಕಡೆ ವಾಲಿಸುವ ತಿರುಪು ಒಂದಿತ್ತು. ಮೂರ್ತಪ್ಪ ಅದನ್ನು ತುದಿಯ ತನಕ ತಿರುಗಿಸಿದ. ಎಡಗಡೆಯ ಬಾಕ್ಸು ಮೂಕವಾಯಿತು. ಹಾಡನ್ನು ಮೊದಲಿನಿಂದ ಹಾಕಿದ. ಈಗ ತಂಗಿಯ ಸಾಲು ಇರಬೇಕಾದ ಕಡೆ ಬರೀ ಬಯಲು, ದೂರದಿಂದ ಒಂದು ಎಳೆ ಮಾತ್ರ.

ಚಂದ್ರಕ್ಕ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು. ಗಂಟಲು ಸರಿಪಡಿಸಿಕೊಂಡಳು. ಎರಡು ವರ್ಷ ಮುಚ್ಚಿದ್ದ ಗಂಟಲು ಮೊದಲ ಸಾಲಿಗೆ ಒಡೆಯಿತು, ಸಾಲು ಮುಗಿಯುವಷ್ಟರಲ್ಲಿ ಉಸಿರು ಸಾಲದಾಯಿತು. ಬರಗೇರಮ್ಮ ಅದನ್ನೇನೂ ಗಮನಕ್ಕೆ ತೆಗೆದುಕೊಳ್ಳದೆ ತನ್ನ ಪಾಡಿಗೆ ಎತ್ತಿಕೊಂಡು ಹಿಂದೆ ಹೇಳಿದಳು. ಎರಡನೇ ಸಾಲು ಕೊಂಚ ಗಟ್ಟಿಯಾಯಿತು. ಮೂರನೆಯದಕ್ಕೆ ಚಂದ್ರಕ್ಕನ ಕೈ ತಾನಾಗಿ ತೊಡೆಯ ಮೇಲೆ ತಾಳ ಹಾಕತೊಡಗಿತು, ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ಹೆಂಗಸರು ಬಾಗಿಲಲ್ಲಿ ನಿಂತರು.

ಹೇಮಾವತಿಗೆ ಒಂದು ಕಡೆ ಚಿಕ್ಕಮ್ಮನೂ ಇನ್ನೊಂದು ಕಡೆ ಬಾಕ್ಸೂ ಬೇರೆಬೇರೆಯಾಗಿ ಕೇಳಿಸುತ್ತಿದ್ದವು. ಬಾಗಿಲಲ್ಲಿ ನಿಂತವರಿಗೂ ಹಾಗೆಯೇ. ಮೂರ್ತಪ್ಪ ಗೋಡೆಗೆ ಒರಗಿ ಕಣ್ಣು ಮುಚ್ಚಿದ. ಸದ್ದು ಎತ್ತಲಿಂದ ಬರುತ್ತದೆಂದು ತಿಳಿಯದ ಅವನ ಒಂಟಿ ಕಿವಿಗೆ ಮಾತ್ರ ಅಕ್ಕತಂಗಿಯರಿಬ್ಬರೂ ಒಟ್ಟಿಗೆ ಅಲ್ಲೇ ಕೂತು ಹಾಡುತ್ತಿದ್ದರು.