ಗೋಪುರ ಕಾಣುವಷ್ಟು ದೂರ

ಬಾಫತ್ ಮಸಾಲೆಯ ಪುಡಿಗೆಂದು ತಂದ ಮೆಣಸನ್ನು ಅಂಗಳದಲ್ಲಿ ಹರಡುವ ಮೊದಲು ನನ್ನ ಹೆಂಡತಿ ಜೆಸಿಂತಾ ಆಕಾಶವನ್ನು ನೋಡುವುದಿಲ್ಲ; ನನ್ನನ್ನು ನೋಡುತ್ತಾಳೆ. ಒಂದು ಕೈಯಲ್ಲಿ ಗೆರಸೆ, ಇನ್ನೊಂದು ಕೈ ಸೊಂಟದ ಮೇಲೆ. "ಮಳೆ ಬರ್ತದಾ ಇಲ್ವಾ, ಒಂದು ಹೇಳಿ." ಗೊತ್ತಿಲ್ಲ ಎನ್ನುತ್ತೇನೆ. "ಗೊತ್ತಿಲ್ಲದಿದ್ರೆ ನಿಮಗೆ ಸಂಬಳ ಕೊಡುವುದು ಎಂತಕ್ಕೆ?" ನಮ್ಮ ದಾಂಪತ್ಯದ ಬಹುಪಾಲು ಬೆಳಗುಗಳು ಹೀಗೆಯೇ ಆರಂಭವಾಗಿವೆ. ಎಷ್ಟೋ ಮೆಣಸು ಒದ್ದೆಯಾಗಿದೆ. ಆ ಅಪರಾಧವೆಲ್ಲ ನನ್ನ ಲೆಕ್ಕಕ್ಕೇ ಸೇರಿದೆ.

ಹೆಂಡತಿಯೊಬ್ಬಳೇ ಆಗಿದ್ದರೆ ಸಹಿಸಬಹುದಿತ್ತು. ಕೊಟ್ಟಾರದಲ್ಲಿ ಬಸ್ಸು ಹತ್ತಿದರೆ ಕಂಡಕ್ಟರನು ಟಿಕೆಟ್ಟಿಗಿಂತ ಮೊದಲು ಮಳೆಯ ವಿಚಾರ ಎತ್ತುತ್ತಾನೆ. ಒಣಮೀನು ಮಾರುವ ಹೆಂಗಸು ನಾನು ದಾಟುವಾಗಲೆಲ್ಲ ಬುಟ್ಟಿಗೆ ಮುಚ್ಚಿದ ಗೋಣಿಯನ್ನು ಒಮ್ಮೆ, ನನ್ನ ಮುಖವನ್ನು ಒಮ್ಮೆ ನೋಡುತ್ತಾಳೆ. ಕ್ಷೌರದ ಅಂಗಡಿಯವನು ಕತ್ತಿಯನ್ನು ನನ್ನ ಗಂಟಲಿನ ಮೇಲಿಟ್ಟುಕೊಂಡೇ, "ನಾಡಿದ್ದು ತಂಗಿಯ ಮದುವೆ ಸಾರ್, ಹವೆ ಹೇಗುಂಟು?" ಎಂದು ಕೇಳಿದಾಗ ಮಾತ್ರ ನಾನು ನಿಯಮ ಮುರಿದು, ಬಹಳ ಚೆನ್ನಾಗಿರುತ್ತದೆ ಎಂದು ಭವಿಷ್ಯ ನುಡಿದಿದ್ದೇನೆ.

ಓದುಗ ಮಹಾಶಯರೇ, ನೀವಾದರೂ ದಯವಿಟ್ಟು ತಿಳಿದುಕೊಳ್ಳಿ. ನಾಳೆ ಏನಾಗುತ್ತದೆಂದು ಹೇಳುವುದು ನನ್ನ ಉದ್ಯೋಗವಲ್ಲ. ಈಗ ಏನಿದೆ ಎಂದು ಹೇಳುವುದು ನನ್ನ ಉದ್ಯೋಗ. ಮದರಾಸಿನಲ್ಲಿ ಭೌತಶಾಸ್ತ್ರ ಓದಿ, ಚಿನ್ನದ ಪದಕವೊಂದು ಕೂದಲೆಳೆಯಲ್ಲಿ ತಪ್ಪಿತೆಂದು ವರ್ಷಗಟ್ಟಲೆ ಹೇಳಿಕೊಂಡು ತಿರುಗಿದ ನಾನು (ಆ ಕೂದಲೆಳೆ ನಿಜವಾಗಿ ಎಷ್ಟು ದಪ್ಪವಿತ್ತೋ, ಈಗ ನನಗೇ ಸಂಶಯ) ಕೊನೆಗೆ ಸೇರಿದ್ದು ಬಜ್ಪೆ ವಿಮಾನ ನಿಲ್ದಾಣದ ಗುಡ್ಡದ ಮೇಲೆ ನಿಂತು ಮೋಡ ನೋಡುವ ಕೆಲಸಕ್ಕೆ. ಬೊಂಬಾಯಿಯಿಂದ ಬರುವ ವಿಮಾನ ನಮ್ಮ ತಲೆಯ ಮೇಲಿರುವಾಗ, ಅದರ ಚಾಲಕನಿಗೆ ಸಮುದ್ರ ಗೊತ್ತು, ಎತ್ತರ ಗೊತ್ತು, ತನ್ನ ವೇಗ ಗೊತ್ತು. ಕೆಳಗೆ ನೆಲ ಕಾಣುವಂತಿದೆಯೇ ಎಂಬುದೊಂದೇ ಗೊತ್ತಿಲ್ಲ. ಅದನ್ನು ನಾನು ಚೀಟಿಯಲ್ಲಿ ಬರೆದು ಕೊಡುತ್ತೇನೆ, ರೇಡಿಯೋದ ಮುಂದೆ ಕೂತ ವಾಸು ಅದನ್ನು ಓದುತ್ತಾನೆ, ಮೇಲಿದ್ದವರು ನಂಬುತ್ತಾರೆ. ಗುಡ್ಡದ ನೆತ್ತಿ ಕಡಿದು ಮಾಡಿದ ಓಡುದಾರಿ ನಮ್ಮದು; ಸುತ್ತಲೂ ಕಮರಿ. ಹಾಗಾಗಿ ಅವರು ನಂಬುವುದು ಸಣ್ಣ ವಿಷಯವಲ್ಲ.

ಎಷ್ಟು ದೂರದವರೆಗೆ ಕಾಣುತ್ತದೆಂದು ಅಳೆಯುವುದಕ್ಕೆ ಯಂತ್ರವೇನೂ ಇರಲಿಲ್ಲ. ಗುರುತುಗಳಿದ್ದವು. ಹತ್ತಿರಕ್ಕೆ ಹೊಳೆದಂಡೆಯ ಹೆಂಚಿನ ಕಾರ್ಖಾನೆಯ ಚಿಮಣಿ. ದೂರಕ್ಕೆ ಕುಲಶೇಖರದ ಕಡೆಯ ಒಂದು ಇಗರ್ಜಿಯ ಬಿಳಿ ಗೋಪುರ. ಚಿಮಣಿ ಕಂಡು ಗೋಪುರ ಕಾಣದಿದ್ದರೆ ಇಳಿಯುವುದು ಅಪಾಯ. ಗೋಪುರವೂ ಕಂಡರೆ ನಿಶ್ಚಿಂತೆ. ಮಗುವೂ ಮಾಡಬಹುದಾದ ಕೆಲಸ ಎಂದು ನಿಮಗನ್ನಿಸಿದರೆ ಆಶ್ಚರ್ಯವಿಲ್ಲ, ನನ್ನ ಮಾವನವರಿಗೂ ಹಾಗೆಯೇ ಅನ್ನಿಸಿತ್ತು. ಆದರೆ ದಿನವೂ ನೋಡುವ ವಸ್ತುವನ್ನು ಕಣ್ಣು ನೋಡುವುದನ್ನು ಬಿಟ್ಟುಬಿಡುತ್ತದೆ. ನೆನಪೇ ಎದ್ದು ಬಂದು ಆ ಜಾಗದಲ್ಲಿ ಚಿತ್ರ ಬರೆದು ಹೋಗುತ್ತದೆ. ನನ್ನ ಹಳೆಯ ದಿನಚರಿಗಳನ್ನು ತೆರೆದಾಗಲೆಲ್ಲ ನೆನಪಿನ ಈ ಧಾರಾಳತನ ಕಂಡು ನಾಚಿಕೆಪಟ್ಟವನು ನಾನು. ಆದ್ದರಿಂದ ನನ್ನದೇ ಒಂದು ಪದ್ಧತಿ ಮಾಡಿಕೊಂಡಿದ್ದೆ. ಗೋಪುರ ಕಂಡಿತೆನಿಸಿದ ಕೂಡಲೇ ಕಣ್ಣು ಮುಚ್ಚುವುದು. ಮುಚ್ಚಿದಾಗ ಅದು ಮಾಯವಾದರೆ ಕಂಡದ್ದು ನಿಜ. ಮುಚ್ಚಿದ ಮೇಲೂ ನಿಂತಿದ್ದರೆ ಅದು ಗೋಪುರವಲ್ಲ, ನಾನು.

ಜೆಸಿಂತಾಳ ತಂಗಿ ಲೀನಾಳ ಮದುವೆ ನಿಶ್ಚಯವಾದದ್ದು ಕ್ರಿಸ್ಮಸ್ಸಿಗೆ ಮುಂಚಿನ ವ್ರತದ ವಾರಗಳು ಶುರುವಾಗುವ ಮುನ್ನಾದಿನಕ್ಕೆ. ವ್ರತ ಶುರುವಾದರೆ ಇಗರ್ಜಿಯಲ್ಲಿ ಮದುವೆ ಇಲ್ಲ, ಜನವರಿಯವರೆಗೆ ಕಾಯಬೇಕು. ಹುಡುಗ ಫೆಲಿಕ್ಸ್ ಅಷ್ಟರೊಳಗೆ ಬಹ್ರೈನಿನ ಹಡಗು ಹತ್ತುವವನು. ಮತ್ತೆ ಯಾವ ವರ್ಷ ಬರುವನೋ. ಬೊಂಬಾಯಿಯಲ್ಲಿ ಅವನಿಗೆ ರಜೆ ಸಿಕ್ಕಿದ್ದು ಮದುವೆಯ ಹಿಂದಿನ ದಿನಕ್ಕೆ. ಅದಕ್ಕೆಂದೇ ಸಾಲಸೋಲ ಮಾಡಿ ವಿಮಾನ ಹಿಡಿದಿದ್ದ. ಸಂಜೆ ಅವನ ಮನೆಯಲ್ಲಿ ರೋಸ್, ಅಂದರೆ ಮದುಮಗನಿಗೆ ತೆಂಗಿನ ಹಾಲು ಹಚ್ಚಿ ಮೀಯಿಸುವ ಶಾಸ್ತ್ರ.

ಆ ದಿನ ಬೆಳಗ್ಗೆ ಕಡಲಿನಿಂದ ಎದ್ದ ಮೋಡ ಗುಡ್ಡಕ್ಕೆ ಗುಡ್ಡವನ್ನೇ ನುಂಗಿತ್ತು. ವಿಮಾನದ ಸದ್ದು ಮೇಲೆ ಕೇಳಿಸುವುದಕ್ಕೂ ಕೆಳಗೆ ಟೆಲಿಫೋನು ಬಡಿದುಕೊಳ್ಳುವುದಕ್ಕೂ ಸರಿಹೋಯಿತು. ಆ ಇಗರ್ಜಿಯ ಪಕ್ಕದ ತಮ್ಮ ಬೇಕರಿಯಿಂದ ಮಾವನವರು. ಪಾಸ್ಕಲ್ ಮಾವ ಸಂತೋಷದಲ್ಲಿ ಕೊಂಕಣಿ ಮಾತಾಡುತ್ತಾರೆ. ಸಿಟ್ಟು ಬಂದರೆ ಕೋರ್ಟಿಗೆ ಬಂದವರ ಹಾಗೆ ಕನ್ನಡಕ್ಕೆ ದಾಟುತ್ತಾರೆ. ಅಂದು ಮೊದಲ ಶಬ್ದವೇ ಕನ್ನಡ.

"ಎಂತ, ವಿಮಾನ ಇಳಿಸುವುದಿಲ್ಲವಾ ನೀನು?"

"ಇಳಿಸುವುದು ನಾನಲ್ಲ ಮಾವ. ಗೋಪುರ ಕಾಣುವುದಿಲ್ಲ."

"ಕಾಣುವುದಿಲ್ಲ? ನಾನು ಅದರ ಬುಡದಲ್ಲೇ ಉಂಟು ಮಾರಾಯ! ಇಷ್ಟು ದಪ್ಪಕ್ಕೆ ಕಾಣ್ತದೆ!"

ಬುಡದಲ್ಲಿ ನಿಂತವನಿಗೆ ಕಾಣುವುದು ಬೇರೆ, ಬಜ್ಪೆಯಿಂದ ಕಾಣುವುದು ಬೇರೆ ಎಂದು ಅಳಿಯನಾದವನು ಮಾವನಿಗೆ ಟೆಲಿಫೋನಿನಲ್ಲಿ ವಿವರಿಸುವ ವಿದ್ಯೆಯನ್ನು ಮದರಾಸಿನಲ್ಲಿ ಕಲಿಸಿರಲಿಲ್ಲ. ಅವರು ಫೋನು ಕೆಳಗಿಟ್ಟರು. ಸಮಸ್ಯೆ ಅರ್ಥವಾಗಿ ಇಟ್ಟರೆಂದು ನಾನು ತಿಳಿದೆ. ಅರ್ಥವಾಗಿತ್ತು ಕೂಡ, ಅವರದೇ ರೀತಿಯಲ್ಲಿ: ಅಳಿಯನಿಗೆ ಗೋಪುರ ಕಾಣುವುದಿಲ್ಲವಾದರೆ ಗೋಪುರವನ್ನು ಕಾಣುವಂತೆ ಮಾಡಿದರಾಯಿತು! ಮದುವೆಗೆಂದು ಬಾಡಿಗೆಗೆ ತಂದಿದ್ದ ಗ್ಯಾಸ್‌ಲೈಟುಗಳನ್ನೆಲ್ಲ ಹೊತ್ತಿಸಿ, ಅಡುಗೆಯವರ ಕೈಯಲ್ಲಿ ಗಂಟೆಯ ಮಾಳಿಗೆಗೆ ಹತ್ತಿಸಿದರಂತೆ. ಮತ್ತೆ ಫೋನು.

"ಈಗ ನೋಡು! ಹಬ್ಬದ ಹಾಗೆ ದೀಪ ಉಂಟು! ಗಂಟೆ ಸಹ ಹೊಡೆಸಿದ್ದೇನೆ, ಕೇಳ್ತದಾ?"

ಕೇಳಿಸುತ್ತಿತ್ತು, ಫೋನಿನೊಳಗೆ. ರೇಡಿಯೋದಲ್ಲಿ ಚಾಲಕನ ಪ್ರಶ್ನೆಯೂ ಅದೇ: ಗೋಪುರ ಕಾಣುತ್ತಿದೆಯೇ? ವಾಸು ನನ್ನತ್ತ ತಿರುಗಿ, "ಒಂದು ಹೇಳಿಬಿಡಿ ಮಾರಾಯ್ರೆ, ಅವನಿಗೆ ಎಣ್ಣೆ ಹೆಚ್ಚು ಇಲ್ಲವಂತೆ. ಕೊಚ್ಚಿಗೆ ಹೋಗುವುದಾದ್ರೆ ಈಗಲೇ ಹೋಗ್ಬೇಕು," ಎಂದ.

ಕಿವಿಯಲ್ಲಿ ಗಂಟೆ ಹೊಡೆಯುತ್ತಿರುವಾಗ ನಾನು ಕಿಟಕಿಯಾಚೆ ನೋಡಿದೆ. ಗೋಪುರ ಕಂಡಿತು. ಬೆಳ್ಳಗೆ, ನೆಟ್ಟಗೆ, ಶಿಲುಬೆಯ ಸಮೇತ. ಎದೆ ಹಗುರವಾಯಿತು. ಪೆನ್ಸಿಲು ಚೀಟಿಯ ಮೇಲಿತ್ತು. ಅಭ್ಯಾಸಬಲದಿಂದ ಕಣ್ಣು ಮುಚ್ಚಿದೆ. ಗೋಪುರ ಹೋಗಲಿಲ್ಲ.

ಅಷ್ಟರಲ್ಲಿ ಫೋನಿನಲ್ಲಿ ಗಂಟೆಯ ಸದ್ದಿನ ನಡುವೆ ಬೇರೊಂದು ದನಿ. ಲೀನಾ.

"ಭಾವ, ಕಾಣ್ತದಾ?"

"ಇಲ್ಲ ಲೀನಾ."

"ಸರಿ," ಎಂದಳು. ಫೋನು ಇಟ್ಟದ್ದು ಅವಳೇ ಇರಬೇಕು. ಮಾವನವರಾಗಿದ್ದರೆ ಆ ಸದ್ದು ಅಷ್ಟು ಮೆಲ್ಲಗಿರುತ್ತಿರಲಿಲ್ಲ. 'ಗೋಪುರ ಕಾಣುವುದಿಲ್ಲ' ಎಂದು ಬರೆದು ವಾಸುವಿಗೆ ಕೊಟ್ಟೆ. ಅವನು ಓದಿದ. ವಿಮಾನದ ಸದ್ದು ಒಂದು ಸುತ್ತು ಬಂದು ತೆಂಕಣಕ್ಕೆ ಕರಗಿತು.

ಇನ್ನು ಮುಂದಿನದನ್ನು ಹೇಳುವಾಗ ನನಗೆ ಇಂದಿಗೂ ಹೊಟ್ಟೆ ಉರಿಯುತ್ತದೆ. ವಿಮಾನ ಹೋಗಿ ವಾಸು ಚಹಾ ಕುಡಿದು ಮುಗಿಸುವುದರೊಳಗೆ ಮೋಡ ಸೀಳಿ ಬಿಸಿಲು ಬಂತು. ಎಂಥ ಬಿಸಿಲು! ಮೆಣಸು ಒಣಗಿಸುವ ಬಿಸಿಲು. ಗೋಪುರ ಮಾತ್ರವಲ್ಲ, ಅದರ ಮಾಳಿಗೆಯಲ್ಲಿ ನಿಂತು ಬೆವರುತ್ತಿದ್ದ ಅಡುಗೆಯವರೂ ಕಾಣುವರೇನೋ ಎಂಬಷ್ಟು ನಿಚ್ಚಳ. ಫೋನು ಬಡಿಯಿತು. "ಇದಕ್ಕೆ ಎಂತ ಹೇಳ್ತಿ ನೀನು? ಮೋಡವಾ?" ಎಂದಷ್ಟೇ ಕೇಳಿ ಮಾವನವರು ಬಹಳ ಕಾಲ ನನ್ನೊಡನೆ ಯಾವ ಭಾಷೆಯಲ್ಲೂ ಮಾತಾಡಲಿಲ್ಲ.

ಸಂಜೆ ಮದುಮಗನಿಲ್ಲದ ರೋಸಿನ ತೆಂಗಿನ ಹಾಲು ಪಾಯಸವಾಯಿತು. ಫೆಲಿಕ್ಸ್ ಕೊಚ್ಚಿಯಲ್ಲಿ ಇಳಿದು, ಶೊರನೂರಿನಲ್ಲಿ ರೈಲು ಬದಲಿಸಿ, ಮರುದಿನ ಪಾದ್ರಿಗಳು ಇನ್ನು ಆಗದೆಂದು ಪೂಜೆಯ ಉಡುಪು ಕಳಚಲು ಹೊರಟಾಗ ಇಗರ್ಜಿಯ ಮೆಟ್ಟಿಲು ಹತ್ತಿದ. ಕಣ್ಣಿನ ಬಿಳಿ ಬಿಟ್ಟರೆ ಉಳಿದದ್ದೆಲ್ಲ ಇದ್ದಲು. ಅವನ ಸೂಟಿನ ಪೆಟ್ಟಿಗೆ ದಾರಿಯಲ್ಲೆಲ್ಲೋ ಉಳಿದಿತ್ತು. ಕೊನೆಗೆ ನನ್ನ ಕೋಟು ಬಿಚ್ಚಿ ಕೊಟ್ಟೆ. ಅವನು ನನಗಿಂತ ಗೇಣುದ್ದ ಹೆಚ್ಚು. ಮೊಣಕೈಗೆ ಸಮೀಪದಲ್ಲೇ ಮುಗಿಯುವ ತೋಳಿನ ಆ ಫೋಟೋ ಮಾವನವರ ಚಾವಡಿಯಲ್ಲಿ ಇಂದಿಗೂ ತೂಗುತ್ತಿದೆ. ಬಂದವರೆಲ್ಲ ಕಾರಣ ಕೇಳುತ್ತಾರೆ. ಮಾವ ನನ್ನನ್ನು ತೋರಿಸುತ್ತಾರೆ. ಅಂದು ಆ ಮೋಡದಲ್ಲಿ ವಿಮಾನ ಇಳಿದಿದ್ದರೆ ಏನಾಗುತ್ತಿತ್ತು? ಬಹುಶಃ ಏನೂ ಆಗುತ್ತಿರಲಿಲ್ಲ. ನನ್ನ ಉದ್ಯೋಗದ ದೊಡ್ಡ ತಾಪತ್ರಯ ಇದೇ: ನಾನು ತಪ್ಪಿಸಿದ್ದು ಯಾವ ಫೋಟೋದಲ್ಲೂ ಬರುವುದಿಲ್ಲ. ನಾನು ಕೆಡಿಸಿದ್ದಕ್ಕೆ ಮಾತ್ರ ಚೌಕಟ್ಟು ಹಾಕಿಸುತ್ತಾರೆ.

ಕಳೆದ ವರ್ಷ ಲೀನಾ ಬೊಂಬಾಯಿಯಲ್ಲಿ ಹೆತ್ತಳು. ಮೊಮ್ಮಗಳನ್ನು ನೋಡಲು ಪಾಸ್ಕಲ್ ಮಾವ ಜೀವಮಾನದಲ್ಲೇ ಮೊದಲ ಬಾರಿ ವಿಮಾನ ಹತ್ತಬೇಕಾಯಿತು. ಆಕಾಶ ತೊಳೆದಿಟ್ಟಂತಿತ್ತು. ಬಿಸ್ಕತ್ತಿನ ಡಬ್ಬವನ್ನು ಎದೆಗವಚಿಕೊಂಡು ಬೇಲಿಯವರೆಗೆ ಬಂದ ಮಾವ, ನನ್ನನ್ನು ಪಕ್ಕಕ್ಕೆ ಕರೆದರು. ವಿಮಾನವನ್ನು ನೋಡಿದರು, ನನ್ನನ್ನು ನೋಡಿದರು. ದನಿ ತಗ್ಗಿಸಿ, ಕನ್ನಡದಲ್ಲೇ ಕೇಳಿದರು:

"ಅಲ್ಲಿ ಇಳಿಯುವಾಗ... ಬೊಂಬಾಯಿಯಲ್ಲಿ ಸಹ ನಿನ್ನ ಹಾಗಿನ ಪಾಪಿ ಯಾರಾದ್ರೂ ಉಂಟಾ?"

"ಉಂಟು ಮಾವ," ಎಂದೆ.

"ನಿನ್ನಷ್ಟೇ ಹಠದವನು?"

"ನನಗಿಂತ ಹೆಚ್ಚು."

ಆ ಮನುಷ್ಯನನ್ನು ನಾನು ಕಂಡವನಲ್ಲ. ಕಾಣದ್ದನ್ನು ಕಂಡೆನೆಂದು ಹೇಳಿದೆ. ಈ ಸಲ ಗಂಟಲ ಮೇಲೆ ಕತ್ತಿಯೂ ಇರಲಿಲ್ಲ. ಮಾವ ತಲೆಯಾಡಿಸಿ, ಡಬ್ಬವನ್ನು ಸರಿಯಾಗಿ ಹಿಡಿದುಕೊಂಡು, ಹಿಂತಿರುಗಿ ನೋಡದೆ ಏಣಿ ಹತ್ತಿದರು.

ಇಂದು ಬೆಳಗ್ಗೆ ಮತ್ತೆ ಗೆರಸೆ, ಮತ್ತೆ ಸೊಂಟದ ಮೇಲಿನ ಕೈ. ನಾನು ಅಂಗಳಕ್ಕಿಳಿದು ಕುಲಶೇಖರದ ದಿಕ್ಕಿಗೆ ನೋಡಿದೆ. ಕಣ್ಣು ಮುಚ್ಚಿದೆ, ತೆರೆದೆ. "ಗೋಪುರ ಕಾಣ್ತದೆ," ಎಂದೆ.

"ಅದು ನನಗೂ ಕಾಣ್ತದೆ," ಎಂದು ಗೊಣಗಿದ ಜೆಸಿಂತಾ ಮೆಣಸು ಹರಡಿದಳು. ಗೋಣಿಯನ್ನು ಮಾತ್ರ ಬಾಗಿಲ ಹತ್ತಿರವೇ ಇಟ್ಟುಕೊಂಡಳು.